ಹನ್ನೆರಡು ಸಾವಿರದ ಪ್ರೊಜೆಕ್ಟರ್: ಡಬ್ಬದ ಮೇಲೆ ಬರೆದದ್ದು, ಗೋಡೆ ಮೇಲೆ ಕಂಡದ್ದು

ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಲೈಟ್ ಆರಿಸಿ, ಚಿತ್ರವನ್ನು 80 ಇಂಚಿಗೆ ನಿಲ್ಲಿಸಿ ನೋಡುವವರಿಗೆ ಈ ಪ್ರೊಜೆಕ್ಟರ್ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಮಧ್ಯಾಹ್ನ ಮೂರೂವರೆಯ ಐಪಿಎಲ್ ಮ್ಯಾಚನ್ನು ಕಿಟಕಿ ತೆರೆದಿಟ್ಟು ನೋಡಬೇಕು ಅನ್ನುವವರು ಇದರ ಕಡೆ ತಿರುಗಿಯೂ ನೋಡಬೇಡಿ. ಆ ದುಡ್ಡಿಗೆ 32 ಇಂಚಿನ ಟಿವಿ ಬರುತ್ತದೆ, ಸುಮ್ನೆ ಅದನ್ನೇ ತಗೊಳ್ಳಿ.

ಕಂಪನಿ ಹೆಸರು ಬರೆಯುತ್ತಿಲ್ಲ, ಬರೆದರೂ ಉಪಯೋಗ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದರೆ ಇದೇ ಆಕಾರದ, ಇದೇ ಲೆನ್ಸಿನ, ಇದೇ ಮೆನು ಇರುವ ಪೆಟ್ಟಿಗೆ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಆನ್‌ಲೈನ್‌ನಲ್ಲೂ ಅಷ್ಟೇ. ಒಳಗಿರುವುದು ಮಾತ್ರ ಒಂದೇ: ಒಂದು ಎಲ್‌ಇಡಿ ದೀಪ, ಒಂದು ಎಲ್‌ಸಿಡಿ ಪ್ಯಾನೆಲ್, ಒಂದು ಫ್ಯಾನ್, ಒಂದು ಲೆನ್ಸ್. ಹಾಗಾಗಿ ಹೆಸರಿಗಿಂತ ಡಬ್ಬದ ಮೇಲಿನ ಪದಗಳು ಅರ್ಥ ಆಗುವುದು ಮುಖ್ಯ. ನನ್ನ ಡಬ್ಬದ ಮೇಲೆ ಇದ್ದದ್ದು ಇಷ್ಟು: 9000 ಲ್ಯೂಮೆನ್ಸ್, 15000:1 ಕಾಂಟ್ರಾಸ್ಟ್, ನೇಟಿವ್ 1080ಪಿ, 4ಕೆ ಸಪೋರ್ಟ್, 4ಡಿ ಕೀಸ್ಟೋನ್, 300 ಇಂಚಿನವರೆಗೆ ಚಿತ್ರ, 50,000 ಗಂಟೆ ಆಯಸ್ಸು. ಇಷ್ಟರಲ್ಲಿ ಪರೀಕ್ಷೆ ಮಾಡಿದಾಗ ಬರೆದ ಹಾಗೇ ನಿಜವಾದದ್ದು ಒಂದೇ, ನೇಟಿವ್ 1080ಪಿ. ಉಳಿದದ್ದನ್ನು ಬಿಡಿಸಿ ನೋಡಲೇಬೇಕು.

ಲ್ಯೂಮೆನ್ಸ್‌ನಿಂದ ಶುರು ಮಾಡೋಣ. ಜನ ಮೊದಲು ನೋಡುವುದೂ ಅದನ್ನೇ, ಅಂಗಡಿಯವರು ಮೊದಲು ಹೇಳುವುದೂ ಅದನ್ನೇ. ಲ್ಯೂಮೆನ್ ಅಂದರೆ ಒಟ್ಟು ಬೆಳಕಿನ ಅಳತೆ. ಆದರೆ ಎಲ್ಲಿ ಅಳೆದದ್ದು ಅನ್ನುವುದೇ ಪ್ರಶ್ನೆ. ಒಳಗಿನ ಎಲ್‌ಇಡಿ ಬಾಯಲ್ಲೇ ಅಳೆದರೆ ದೊಡ್ಡ ಸಂಖ್ಯೆ ಬರುತ್ತದೆ. ಅದೇ ಬೆಳಕು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ), ಪ್ಯಾನೆಲ್, ಲೆನ್ಸ್ ಎಲ್ಲ ದಾಟಿ ಗೋಡೆಗೆ ಬೀಳುವಷ್ಟರಲ್ಲಿ ಬಹುಪಾಲು ಒಳಗೇ ಕರಗಿ ಹೋಗಿರುತ್ತದೆ. ನಮಗೆ ಬೇಕಾದದ್ದು ಗೋಡೆಯ ಲೆಕ್ಕ, ಅಲ್ವಾ? ಅದಕ್ಕೇ ಆನ್ಸಿ ಲ್ಯೂಮೆನ್ಸ್ ಅನ್ನುವ ಅಳತೆ ಇರುವುದು. ಆನ್ಸಿ ಅಂದರೆ ಅಮೆರಿಕದ ಮಾನಕ ಸಂಸ್ಥೆ, 1992ರಲ್ಲಿ ಅಲ್ಲಿಂದ ಬಂದ ಕ್ರಮ ಅದು. ಪೂರ್ತಿ ಬಿಳಿ ಚಿತ್ರ ಬಿಡಬೇಕು, ಅದನ್ನು ಒಂಬತ್ತು ಸಮ ಭಾಗ ಮಾಡಿಕೊಳ್ಳಬೇಕು, ಪ್ರತಿ ಭಾಗದ ನಡುವೆ ಲಕ್ಸ್ ಮೀಟರ್ (ಒಂದು ಚದರ ಮೀಟರ್‌ಗೆ ಎಷ್ಟು ಲ್ಯೂಮೆನ್ ಬೀಳುತ್ತದೆ ಎಂದು ತೋರಿಸುವ ಸಾಧನ) ಹಿಡಿದು ಓದಬೇಕು, ಸರಾಸರಿ ತೆಗೆದು ಚಿತ್ರದ ವಿಸ್ತೀರ್ಣದಿಂದ ಗುಣಿಸಬೇಕು. ಈಗ ದೊಡ್ಡ ಕಂಪನಿಗಳ ಡಬ್ಬದ ಮೇಲೆ ಐಎಸ್‌ಒ ಲ್ಯೂಮೆನ್ಸ್ ಎಂದು ಇರುತ್ತದೆ. ಅದರ ಹಿಂದಿರುವ ನಿಯಮ ಐಎಸ್‌ಒ 21118, ಅಳೆಯುವ ರೀತಿ ಹೆಚ್ಚುಕಮ್ಮಿ ಇದೇ.

ಈ ಅಳತೆ ಮಾಡಲು ಲ್ಯಾಬ್ ಏನೂ ಬೇಡ. ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯನ ಹತ್ತಿರ ಲಕ್ಸ್ ಮೀಟರ್ ಇತ್ತು, ಅವನನ್ನೇ ಒಂದು ರಾತ್ರಿ ಊಟಕ್ಕೆ ಕರೆದೆ. ಗೋಡೆ ಮೇಲೆ 80 ಇಂಚಿನ ಬಿಳಿ ಚಿತ್ರ ಬಿಟ್ಟು, ಪೆನ್ಸಿಲ್‌ನಲ್ಲಿ ಒಂಬತ್ತು ಚುಕ್ಕಿ ಇಟ್ಟು, ಅವನು ಮೀಟರ್ ಹಿಡಿದ, ನಾನು ಬರೆದುಕೊಂಡೆ. ನಟ್ಟನಡುವೆ 165 ಲಕ್ಸ್. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ 138ರ ಆಸುಪಾಸು. ನಾಲ್ಕು ಮೂಲೆಗಳಲ್ಲಿ 108. ಸರಾಸರಿ 128. ಇಂಚಿನ ಲೆಕ್ಕ ಟಿವಿಯ ಹಾಗೆ ಮೂಲೆಯಿಂದ ಎದುರು ಮೂಲೆಗೆ; 80 ಇಂಚಿನ 16:9 ಚಿತ್ರ ಅಂದರೆ 1.77 ಮೀಟರ್ ಅಗಲ, ಒಂದು ಮೀಟರ್‌ಗೆ ಕೂದಲೆಳೆ ಕಡಿಮೆ ಎತ್ತರ, ಒಟ್ಟು 1.76 ಚದರ ಮೀಟರ್. ಗುಣಿಸಿ ನೋಡಿದರೆ 225 ಲ್ಯೂಮೆನ್ಸ್.

ಡಬ್ಬದ ಮೇಲೆ 9000. ಗೋಡೆ ಮೇಲೆ 225. ನಲವತ್ತರಲ್ಲಿ ಒಂದು ಪಾಲು.

ಇದನ್ನು ಓದಿ ನಗಬೇಡಿ, ಇದು ನಿಜಕ್ಕೂ ಸಿಟ್ಟು ಬರಿಸುವ ವಿಷಯ. ತಿಂಗಳ ಸಂಬಳದಲ್ಲಿ ಉಳಿಸಿ ಮಕ್ಕಳಿಗೆ ದೊಡ್ಡ ಪರದೆಯಲ್ಲಿ ಸಿನಿಮಾ ತೋರಿಸೋಣ ಎಂದು ತಗೊಳ್ಳುವವರಿಗೆ, 9000 ಎಂದು ಬರೆದದ್ದು ಯಾವ ಅಳತೆ ಎಂದು ಡಬ್ಬದಲ್ಲಿ ಎಲ್ಲೂ ಹೇಳುವುದಿಲ್ಲ. ನಾನು ಅಂಗಡಿಯಲ್ಲಿ "ಆನ್ಸಿ ಎಷ್ಟು?" ಎಂದು ಕೇಳಿದೆ. "ಸರ್, ಕಣ್ಣಿಗೆ ಕಾಣ್ತಿದೆಯಲ್ಲಾ, ಇನ್ನೇನು ಬೇಕು ಸರ್?" ಅಂದರು. ಕಾಣುತ್ತಿತ್ತು, ನಿಜ. ಅಂಗಡಿ ಹಿಂದಿನ ಕತ್ತಲ ಮೂಲೆಯಲ್ಲಿ, ಟಿವಿಯಷ್ಟೇ ದೊಡ್ಡ ಚಿತ್ರದಲ್ಲಿ, ಬಣ್ಣಬಣ್ಣದ ಮೀನುಗಳು ಈಜುವ ವಿಡಿಯೋ. ಅಲ್ಲಿ ಯಾವ ಪ್ರೊಜೆಕ್ಟರ್ ಆದರೂ ಚೆನ್ನಾಗಿಯೇ ಕಾಣುತ್ತದೆ.

ಹಾಗಂತ 225 ಅಂದರೆ ಕೆಲಸಕ್ಕೆ ಬಾರದ್ದು ಅಂತಲ್ಲ. ಡಿಜಿಟಲ್ ಸಿನಿಮಾ ಥಿಯೇಟರ್‌ನ ಪರದೆಗೆ ನಿಗದಿ ಮಾಡಿರುವ ಬೆಳಕು 48 ನಿಟ್ಸ್ (ಪರದೆಯಿಂದ ಕಣ್ಣಿಗೆ ಬರುವ ಹೊಳಪಿನ ಅಳತೆ). ಅಷ್ಟೇ. ಮನೆಯ ಸಾಮಾನ್ಯ ಟಿವಿ 250, 300 ನಿಟ್ಸ್ ಕೊಡುತ್ತದೆ. ಆದರೂ ಥಿಯೇಟರ್‌ನಲ್ಲಿ ಚಿತ್ರ ಮಂಕು ಅನ್ನಿಸುವುದಿಲ್ಲ, ಯಾಕಂದರೆ ಸುತ್ತ ಕತ್ತಲೆ, ಕಣ್ಣು ಅದಕ್ಕೆ ಹೊಂದಿಕೊಂಡಿರುತ್ತದೆ. ಈ ಪ್ರೊಜೆಕ್ಟರ್‌ನ 225 ಲ್ಯೂಮೆನ್ಸನ್ನು ಮಾಮೂಲಿ ಬಿಳಿ ಪರದೆಯ ಮೇಲೆ 80 ಇಂಚಿಗೆ ಹರಡಿದರೆ 40 ನಿಟ್ಸ್ ಬರುತ್ತದೆ, ಥಿಯೇಟರ್‌ಗೆ ಹತ್ತಿರ. 100 ಇಂಚಿಗೆ ಎಳೆದರೆ 26ಕ್ಕೆ ಇಳಿಯುತ್ತದೆ. 120 ಇಂಚಿಗೆ ಹೋದರೆ 18. ಚಿತ್ರ ದೊಡ್ಡದಾದಷ್ಟೂ ಅದೇ ಬೆಳಕು ತೆಳುವಾಗುತ್ತ ಹೋಗುತ್ತದೆ, ಹೊಸ ಬೆಳಕು ಎಲ್ಲಿಂದಲೂ ಬರುವುದಿಲ್ಲ. ಡಬ್ಬದ ಮೇಲಿನ 300 ಇಂಚು ಅನ್ನುವ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ.

ಮೂಲೆಗಳಲ್ಲಿ 108, ನಡುವೆ 165 ಅಂದೆನಲ್ಲ, ಅದಕ್ಕೆ ಯೂನಿಫಾರ್ಮಿಟಿ ಅನ್ನುತ್ತಾರೆ. ಇಲ್ಲಿ 65 ಪರ್ಸೆಂಟ್ ಬಂತು. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ. ಕ್ರಿಕೆಟ್‌ನಲ್ಲಿ ಗೊತ್ತಾಗುತ್ತದೆ, ಮೈದಾನದ ಹಸಿರು ನಡುವೆ ತಿಳಿಯಾಗಿ, ಬೌಂಡರಿ ಕಡೆ ಹೋಗುತ್ತ ಮಬ್ಬಾಗುತ್ತದೆ.

ಇನ್ನು ಕಾಂಟ್ರಾಸ್ಟ್. ನನ್ನ ಲೆಕ್ಕದಲ್ಲಿ ಚಿತ್ರದ ಜೀವ ಇರುವುದು ಇಲ್ಲೇ, ಲ್ಯೂಮೆನ್ಸ್‌ನಲ್ಲಿ ಅಲ್ಲ. ಪೂರ್ತಿ ಬಿಳಿಗೂ ಪೂರ್ತಿ ಕಪ್ಪಿಗೂ ಎಷ್ಟು ಪಟ್ಟು ವ್ಯತ್ಯಾಸ ಅನ್ನುವುದೇ ಕಾಂಟ್ರಾಸ್ಟ್ ರೇಶಿಯೋ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣವನ್ನು ಎಸೆಯಲು ಬರುವುದಿಲ್ಲ, ಬೆಳಕನ್ನು ತಡೆಯಲು ಮಾತ್ರ ಬರುತ್ತದೆ. ಎಲ್‌ಸಿಡಿ ಪ್ಯಾನೆಲ್ ಪೂರ್ತಿ ಮುಚ್ಚಿಕೊಂಡರೂ ಸ್ವಲ್ಪ ಬೆಳಕು ಸೋರುತ್ತದೆ, ಆ ಸೋರಿದ ಬೆಳಕೇ ನಮಗೆ ಕಾಣುವ ಕಪ್ಪು. ಕಪ್ಪು ಚಿತ್ರ ಬಿಟ್ಟು ನಡುವೆ ಮೀಟರ್ ಇಟ್ಟಾಗ 0.2ಕ್ಕೂ 0.3ಕ್ಕೂ ನಡುವೆ ಓಲಾಡುತ್ತಿತ್ತು. ಅಂದರೆ ಸುಮಾರು 600, 700ಕ್ಕೆ ಒಂದು. ಡಬ್ಬದಲ್ಲಿ 15000ಕ್ಕೆ ಒಂದು. ದೊಡ್ಡ ಕಂಪನಿಗಳ ಡಬ್ಬದಲ್ಲೂ ಇಂಥ ದೊಡ್ಡ ಸಂಖ್ಯೆ ಇರುತ್ತದೆ, ಅಲ್ಲಿ ಹೆಚ್ಚಾಗಿ ಅದು ಡೈನಾಮಿಕ್ ಕಾಂಟ್ರಾಸ್ಟ್. ಕತ್ತಲ ದೃಶ್ಯ ಬಂದಾಗ ದೀಪವನ್ನೇ ಮಂಕು ಮಾಡಿ ಅಥವಾ ಐರಿಸ್ (ಬೆಳಕಿನ ದಾರಿಯಲ್ಲಿ ಕಿರಿದಾಗುವ ಕಿಂಡಿ) ಮುಚ್ಚಿ ತೆಗೆದ ಲೆಕ್ಕ. ಒಂದೇ ಚಿತ್ರದಲ್ಲಿ ಕಪ್ಪು ಬಿಳುಪು ಎರಡೂ ಇದ್ದಾಗ ಏನು ಸಿಗುತ್ತದೆ ಎಂದು ತಿಳಿಯಬೇಕಾದರೆ ಹದಿನಾರು ಚೌಕದ ಚದುರಂಗದ ಚಿತ್ರ ಬಿಟ್ಟು ಅಳೆಯುವ ಆನ್ಸಿ ಕಾಂಟ್ರಾಸ್ಟ್ ನೋಡಬೇಕು. ಅದನ್ನು ಡಬ್ಬದ ಮೇಲೆ ಹಾಕಿದವರನ್ನು ನಾನು ನೋಡಿಲ್ಲ.

ಸಂಖ್ಯೆ ಬಿಡಿ, ಕಣ್ಣಿನ ಲೆಕ್ಕ ಹೇಳುತ್ತೇನೆ. ನಮ್ಮ ಮನೆಯಲ್ಲಿ ಇದರ ಮೇಲೆ ಜಾಸ್ತಿ ಓಡುವುದು ಯಕ್ಷಗಾನ, ಅಮ್ಮನಿಗಾಗಿ. ರಾತ್ರಿ ಬಯಲಾಟದ ರೆಕಾರ್ಡಿಂಗ್‌ಗಿಂತ ಕಠಿಣ ಪರೀಕ್ಷೆ ಪ್ರೊಜೆಕ್ಟರ್‌ಗೆ ಇನ್ನೊಂದಿಲ್ಲ. ಹಿಂದೆ ಕಪ್ಪು ಆಕಾಶ, ರಂಗಸ್ಥಳದಲ್ಲಿ ಕಣ್ಣು ಕುಕ್ಕುವ ಬೆಳಕು, ವೇಷದ ಮೇಲೆ ಕೆಂಪು, ಹಳದಿ, ಬಂಗಾರದ ಮಿಂಚು. ಬಣ್ಣ ಚೆನ್ನಾಗಿಯೇ ಬಂತು. ಕಿರೀಟದ ಬಂಗಾರ ಹಿತ್ತಾಳೆಯಾಗಲಿಲ್ಲ, ಮುಖದ ಕೆಂಪು ಕಿತ್ತಳೆಗೆ ತಿರುಗಲಿಲ್ಲ, ಪಿಕ್ಚರ್ ಮೋಡ್ ಅನ್ನು ವಿವಿಡ್‌ನಿಂದ ತೆಗೆದು ಸ್ಟ್ಯಾಂಡರ್ಡ್‌ಗೆ ಇಟ್ಟಮೇಲೆ ಚರ್ಮದ ಬಣ್ಣವೂ ಸರಿಹೋಯಿತು. ಆದರೆ ಕಪ್ಪು ಮುಂಡಾಸು ಬೂದಿ ಬಣ್ಣಕ್ಕೆ ಬಂತು. ಅದರ ಮೇಲಿನ ಜರಿ ಪಟ್ಟಿ ಎದ್ದು ಕಾಣಬೇಕಾದದ್ದು ಬಟ್ಟೆಯ ಜೊತೆ ಬೆರೆತುಹೋಯಿತು. ಹಿಮ್ಮೇಳದವರ ಹಿಂದಿನ ಕತ್ತಲೆ ಕತ್ತಲೆಯಾಗಿರದೆ ತೆಳು ಮಂಜಿನ ಹಾಗೆ ಕಂಡಿತು. ಅಮ್ಮನಿಗೆ ಇದು ತಲೆಗೇ ಹೋಗಲಿಲ್ಲ, ಭಾಗವತರ ಪದ ಕೇಳುತ್ತ ಕೂತಿದ್ದರು. ನನ್ನ ಕಣ್ಣಿಗೆ ಮಾತ್ರ ಅದೇ ಚುಚ್ಚುತ್ತದೆ. ಬ್ರೈಟ್‌ನೆಸ್ ಸೆಟ್ಟಿಂಗ್ 50ರಿಂದ 44ಕ್ಕೆ ಇಳಿಸಿದೆ. ಕಪ್ಪು ಸ್ವಲ್ಪ ಗಟ್ಟಿಯಾಯಿತು, ಮುಂಡಾಸಿನ ಮಡಿಕೆಗಳೂ ಉಳಿದವು. ಇನ್ನೂ ಇಳಿಸಿದರೆ ಮಡಿಕೆಗಳು ಮುಚ್ಚಿಹೋಗುತ್ತವೆ. ನೆನಪಿಡಿ, ಮೆನುವಿನ ಬ್ರೈಟ್‌ನೆಸ್ ದೀಪದ ಬೆಳಕನ್ನು ಬದಲಿಸುವುದಿಲ್ಲ, ಕಪ್ಪಿನ ಮಟ್ಟವನ್ನು ಬದಲಿಸುತ್ತದೆ. ಬಿಳಿಯ ಮಟ್ಟಕ್ಕೆ ಕಾಂಟ್ರಾಸ್ಟ್ ಸೆಟ್ಟಿಂಗ್ ಇದೆ.

ನೇಟಿವ್ 1080ಪಿ ಅನ್ನುವುದು ನಿಜ ಅಂದೆ. ಪ್ಯಾನೆಲ್ ಮೇಲೆ ನಿಜವಾಗಿ 1920 ಅಡ್ಡ, 1080 ಉದ್ದ ಚುಕ್ಕಿಗಳಿವೆ. ಪರೀಕ್ಷೆ ಸುಲಭ. ಲ್ಯಾಪ್‌ಟಾಪ್ ಎಚ್‌ಡಿಎಂಐ ಕೇಬಲ್‌ನಲ್ಲಿ ಕಟ್ಟಿ, ಒಂದು ಗೆರೆ ಕಪ್ಪು ಒಂದು ಗೆರೆ ಬಿಳಿ ಇರುವ ಚಿತ್ರ ಬಿಡಿ. ಹತ್ತಿರ ಹೋಗಿ ನೋಡಿದರೆ ಗೆರೆಗಳು ಬಿಡಿಬಿಡಿಯಾಗಿ ಕಾಣಬೇಕು. ಎಲ್ಲ ಕಲಸಿ ಬೂದಿಯಾದರೆ, ಅಥವಾ ನಡುನಡುವೆ ಅಲೆ ಅಲೆಯಾಗಿ ಕಂಡರೆ, ಒಳಗಿರುವುದು 1280×720 ಪ್ಯಾನೆಲ್, ಇಲ್ಲವೇ ಇನ್ನೂ ಕಡಿಮೆಯದು. 4ಕೆ ಸಪೋರ್ಟ್ ಅಂದರೆ 4ಕೆ ಚಿತ್ರ ಬಂದರೆ ಬೇಡ ಅನ್ನುವುದಿಲ್ಲ, ಒಳಗೆ ತಗೊಂಡು ಕುಗ್ಗಿಸಿ ತೋರಿಸುತ್ತದೆ ಅಂತ ಅಷ್ಟೇ. ನಿಜವಾದ 4ಕೆ ಚಿತ್ರದಲ್ಲಿ 83 ಲಕ್ಷ ಚುಕ್ಕಿ, ಇದರಲ್ಲಿ ಇರುವುದು ಸುಮಾರು 20 ಲಕ್ಷ. 80 ಇಂಚಿಗೆ, ಹತ್ತಡಿ ದೂರದಿಂದ ನೋಡುವವರಿಗೆ 20 ಲಕ್ಷ ಸಾಕು. ನಾಲ್ಕಡಿಗೆ ಬಂದು ಕೂತರೆ ಚುಕ್ಕಿಗಳ ನಡುವಿನ ಸಣ್ಣ ಕಪ್ಪು ಜಾಲರಿ ಕಾಣುತ್ತದೆ, ಸ್ಕ್ರೀನ್ ಡೋರ್ ಎಫೆಕ್ಟ್ ಅನ್ನುತ್ತಾರೆ.

ಇಲ್ಲಿ ಬೇಸರ ತರಿಸುವುದು ಪ್ಯಾನೆಲ್ ಅಲ್ಲ, ಲೆನ್ಸ್. ನಡುವೆ ಅಕ್ಷರ ಚಾಕುವಿನಂತೆ ಹರಿತ ಮಾಡಿದರೆ ಕೆಳಗಿನ ಬಲ ಮೂಲೆ ಮಸುಕು. ಕ್ರಿಕೆಟ್ ಸ್ಕೋರ್ ಪಟ್ಟಿ ಇರುವುದೇ ಕೆಳಗೆ! ನಡುವಿಗೂ ಮೂಲೆಗೂ ಅರ್ಧ ದಾರಿಯಲ್ಲಿರುವ ಅಕ್ಷರಕ್ಕೆ ಫೋಕಸ್ ಹಿಡಿದರೆ ಎರಡೂ ಕಡೆ ಸುಮಾರಾಗಿ ಸರಿ ಬರುತ್ತದೆ, ನಾನು ಹಾಗೇ ಇಟ್ಟಿದ್ದೇನೆ. ಬಿಸಿಯಾದ ಮೇಲೆ ಫೋಕಸ್ ಸ್ವಲ್ಪ ಜಾರುತ್ತದೆ, ಹಾಗಾಗಿ ಹಾಕಿ ಹದಿನೈದು ನಿಮಿಷ ಆದಮೇಲೆ ಒಮ್ಮೆ ತಿರುಗಿಸಿ ಸರಿ ಮಾಡಿ.

ಸಿಂಗಲ್ ಎಲ್‌ಸಿಡಿ, 3ಎಲ್‌ಸಿಡಿ, ಡಿಎಲ್‌ಪಿ ಅನ್ನುವ ಮೂರು ಪದ ಎಲ್ಲ ಕಡೆ ಕಾಣುತ್ತವೆ, ಇವುಗಳ ವ್ಯತ್ಯಾಸ ಗೊತ್ತಿದ್ದರೆ ಬೆಲೆ ಯಾಕೆ ಹಾಗಿದೆ ಅನ್ನುವುದೂ ಗೊತ್ತಾಗುತ್ತದೆ. ಇದರಲ್ಲಿರುವುದು ಮೊಬೈಲ್ ಪರದೆಯಷ್ಟು ಅಗಲದ ಒಂದು ಪ್ಯಾನೆಲ್. ಪ್ರತಿ ಚುಕ್ಕಿಯ ಮೇಲೂ ಕೆಂಪು, ಹಸಿರು, ನೀಲಿಯ ಸಣ್ಣ ಫಿಲ್ಟರ್ ಇರುತ್ತದೆ. ಕೆಂಪು ಫಿಲ್ಟರ್ ಅಂದರೆ ಹಸಿರು, ನೀಲಿ ಎರಡನ್ನೂ ನುಂಗುವುದು. ಅಲ್ಲೇ ಮೂರರಲ್ಲಿ ಎರಡು ಪಾಲು ಬೆಳಕು ಹೋಯಿತು, ಪೋಲರೈಸರ್ ಅರ್ಧ ತಿಂದಿತು, ಉಳಿದದ್ದು ಗೋಡೆಗೆ. 3ಎಲ್‌ಸಿಡಿಯಲ್ಲಿ ಹಾಗಲ್ಲ. ಬಿಳಿ ಬೆಳಕನ್ನು ವಿಶೇಷ ಕನ್ನಡಿಗಳಿಂದ ಮೊದಲೇ ಮೂರು ಬಣ್ಣವಾಗಿ ಒಡೆದು, ಒಂದೊಂದಕ್ಕೂ ಬೇರೆ ಪ್ಯಾನೆಲ್ ಕೊಟ್ಟು, ಕೊನೆಗೆ ಪ್ರಿಸಂನಲ್ಲಿ ಕೂಡಿಸುತ್ತಾರೆ. ಯಾವ ಬಣ್ಣವೂ ವ್ಯರ್ಥ ಆಗುವುದಿಲ್ಲ. ಎಪ್ಸನ್ ಈ ದಾರಿಯಲ್ಲಿ ಹಳೆಯ ಕೈ, ಅವರ ಮೊದಲ ಎಲ್‌ಸಿಡಿ ಪ್ರೊಜೆಕ್ಟರ್ ಬಂದದ್ದು 1989ರಲ್ಲಿ.

ಡಿಎಲ್‌ಪಿಯ ಕಥೆ ಇನ್ನೂ ಚಂದ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಲ್ಯಾರಿ ಹಾರ್ನ್‌ಬೆಕ್ ಅನ್ನುವವರು 1987ರಲ್ಲಿ ಮಾಡಿದ ಚಿಪ್ ಅದು, ಡಿಎಂಡಿ ಎಂದು ಹೆಸರು. ಬೆರಳುಗುರಿನಷ್ಟು ಜಾಗದಲ್ಲಿ ಲಕ್ಷಗಟ್ಟಲೆ ಕನ್ನಡಿ, ಒಂದೊಂದು ಚುಕ್ಕಿಗೂ ಒಂದೊಂದು. ಪ್ರತಿ ಕನ್ನಡಿಯೂ ಸೆಕೆಂಡಿಗೆ ಸಾವಿರಾರು ಸಲ ಆಚೆ ಈಚೆ ವಾಲುತ್ತದೆ. ಈ ಕಡೆ ವಾಲಿದರೆ ಬೆಳಕು ಲೆನ್ಸಿಗೆ, ಆ ಕಡೆ ವಾಲಿದರೆ ಒಳಗಿನ ಕಪ್ಪು ಗೋಡೆಗೆ. ಎಷ್ಟು ಹೊತ್ತು ಯಾವ ಕಡೆ ಇತ್ತು ಅನ್ನುವುದರ ಮೇಲೆ ನಮಗೆ ಬೆಳಕಿನ ಮಟ್ಟ ಕಾಣುತ್ತದೆ. ಈ ಕೆಲಸಕ್ಕೆ 2015ರಲ್ಲಿ ಅವರಿಗೆ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿ ಬಂತು. ಥಿಯೇಟರ್‌ನ ದೊಡ್ಡ ಯಂತ್ರಗಳಲ್ಲಿ ಇಂಥ ಮೂರು ಚಿಪ್ ಇರುತ್ತವೆ. ಮನೆಯ ಡಿಎಲ್‌ಪಿಯಲ್ಲಿ ಒಂದೇ ಚಿಪ್. ಹಾಗಾಗಿ ಬಣ್ಣಗಳನ್ನು ಒಂದಾದ ಮೇಲೊಂದು ತೋರಿಸಬೇಕು, ದೀಪದ ಮಾಡೆಲ್‌ಗಳಲ್ಲಿ ಅದಕ್ಕೆ ತಿರುಗುವ ಬಣ್ಣದ ಚಕ್ರ ಇರುತ್ತದೆ. ಕೆಲವರ ಕಣ್ಣಿಗೆ ಈ ಬಣ್ಣಗಳು ಬಿಡಿಯಾಗಿ ಕಂಡುಬಿಡುತ್ತವೆ, ಕಣ್ಣು ಹೊರಳಿಸಿದಾಗ ಕಾಮನಬಿಲ್ಲಿನ ಗೀರು ಮಿಂಚಿ ಹೋಗುತ್ತದೆ. ರೇನ್‌ಬೋ ಎಫೆಕ್ಟ್ ಅನ್ನುವುದು ಇದನ್ನೇ. ಬಹಳ ಜನರಿಗೆ ಕಾಣುವುದೇ ಇಲ್ಲ. ಡಿಎಲ್‌ಪಿ ತಗೊಳ್ಳುವ ಮೊದಲು ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿ. ಇನ್ನೊಂದು ಮಾತು: ಆ ಚಕ್ರದಲ್ಲಿ ಬಿಳಿ ಭಾಗವೂ ಇದ್ದರೆ ಬಿಳಿಯ ಲ್ಯೂಮೆನ್ಸ್ ಜಾಸ್ತಿ ಬರುತ್ತದೆ, ಬಣ್ಣದ ಬೆಳಕು ಅಷ್ಟು ಬರುವುದಿಲ್ಲ. ಆಫೀಸ್ ಸ್ಲೈಡ್‌ಗೆ ಪರವಾಗಿಲ್ಲ, ಯಕ್ಷಗಾನಕ್ಕೆ ಬೇಡ.

ಥ್ರೋ ರೇಶಿಯೋ ಬಗ್ಗೆ ಯಾರೂ ಕೇಳುವುದೇ ಇಲ್ಲ, ಕೇಳಲೇಬೇಕಾದದ್ದು ಅದನ್ನು. ಚಿತ್ರದ ಅಗಲಕ್ಕೆ ಎಷ್ಟು ಪಟ್ಟು ದೂರ ಇಡಬೇಕು ಅನ್ನುವ ಲೆಕ್ಕ. ಇದರದ್ದು 1.35. ಅಗಲ 1.77 ಮೀಟರ್ ಬೇಕಾದರೆ ದೂರ 2.39 ಮೀಟರ್, ಎಂಟಡಿಗೆ ಸ್ವಲ್ಪ ಕಡಿಮೆ. 100 ಇಂಚಿಗೆ ಹತ್ತಡಿ ಹತ್ತಿರ. ಹಿಂದೆ ವೈರ್‌ಗೆ, ಗಾಳಿಗೆ ಒಂದಡಿ ಬಿಡಿ. ಹತ್ತಡಿ ರೂಮಿನವರು ಇಲ್ಲೇ ತೀರ್ಮಾನ ಮಾಡಬಹುದು. ಇದರಲ್ಲಿ ಆಪ್ಟಿಕಲ್ ಜೂಮ್ ಇಲ್ಲ, ಇರುವುದು ಡಿಜಿಟಲ್ ಜೂಮ್, ಅದು ಚುಕ್ಕಿಗಳನ್ನು ಬಿಟ್ಟುಕೊಟ್ಟು ಚಿತ್ರ ಚಿಕ್ಕದು ಮಾಡುವುದು. ಶಾರ್ಟ್ ಥ್ರೋ ಅಂದರೆ 1ಕ್ಕಿಂತ ಕಡಿಮೆ. ಗೋಡೆ ಬುಡದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ 0.4ಕ್ಕಿಂತ ಕಡಿಮೆ, ಅದು ಬೇರೆಯೇ ಬೆಲೆ.

ಕೀಸ್ಟೋನ್ ಬಗ್ಗೆ ಅಂಗಡಿಯಲ್ಲಿ ಬಹಳ ಹೊಗಳುತ್ತಾರೆ, ಎಲ್ಲಿ ಬೇಕಾದರೂ ಇಡಿ, ಓರೆಯಾಗಿ ಇಡಿ, ತಾನೇ ಸರಿ ಮಾಡಿಕೊಳ್ಳುತ್ತದೆ ಅಂತ. ಮಾಡಿಕೊಳ್ಳುತ್ತದೆ, ನಿಜ. ಹೇಗೆ? ಓರೆಯಾದ ಚಿತ್ರವನ್ನು ಪ್ಯಾನೆಲ್ ಮೇಲೆಯೇ ಉಲ್ಟಾ ಓರೆ ಮಾಡಿ. ಅಂದರೆ ಬದಿಯ ಚುಕ್ಕಿಗಳು ಕೆಲಸ ಬಿಟ್ಟು ಸುಮ್ನೆ ಕೂರುತ್ತವೆ, ಅವುಗಳ ಬೆಳಕೂ ಹೋಯಿತು, ಅಕ್ಷರದ ಹರಿತವೂ ಹೋಯಿತು. ಇದರಲ್ಲಿ ಕಪ್ಪು ಪೂರ್ತಿ ಕಪ್ಪಲ್ಲವಲ್ಲ, ಹಾಗಾಗಿ ಆ ಬಿಟ್ಟ ಜಾಗ ಚಿತ್ರದ ಸುತ್ತ ಬೂದಿ ಬಣ್ಣದ ಓರೆ ಚೌಕಟ್ಟಾಗಿ ಗೋಡೆ ಮೇಲೆ ನಿಲ್ಲುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಅದೇ ಕಾಣುತ್ತಿರುತ್ತದೆ. ನಾನು ಕೀಸ್ಟೋನ್ ಪೂರ್ತಿ ಸೊನ್ನೆಗೆ ಇಟ್ಟು, ಗೋಡೆಗೆ ನೇರವಾಗಿ ಒಂದು ಹಲಗೆ ಹೊಡೆಸಿದೆ. ಚಿತ್ರ ಆಗ ಕುದುರಿತು. ಚುಕ್ಕಿ ಕಳೆಯದೆ ಚಿತ್ರವನ್ನು ಮೇಲೆ ಕೆಳಗೆ ಸರಿಸಬೇಕಾದರೆ ಲೆನ್ಸ್ ಶಿಫ್ಟ್ ಇರಬೇಕು. ಅದು ಈ ಬೆಲೆಗೆ ಬರುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಒಳಗಿನ ಸ್ಪೀಕರ್ ವಾರ್ತೆಗೆ ಸಾಕು, ಚೆಂಡೆಗೆ ಸಾಲದು. ಬ್ಲೂಟೂತ್ ಸ್ಪೀಕರ್ ಹಾಕಿದರೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ, ವೈರ್ ಹಾಕಿ. ಫ್ಯಾನ್ ಸದ್ದು ಮೊದಲ ಐದು ನಿಮಿಷ ಕೇಳುತ್ತದೆ, ಆಮೇಲೆ ಕಿವಿ ಮರೆಯುತ್ತದೆ. ಒಳಗಿನ ಆಪ್‌ಗಳಲ್ಲಿ ಕೆಲವು ಓಟಿಟಿಗಳು ಎಚ್‌ಡಿ ಕೊಡುವುದಿಲ್ಲ, ಸರ್ಟಿಫಿಕೇಟ್ ಇಲ್ಲದ ಯಂತ್ರಕ್ಕೆ ಅವು ಕಡಿಮೆ ಗುಣಮಟ್ಟದ ಚಿತ್ರವನ್ನೇ ಕಳಿಸುತ್ತವೆ. ಟಿವಿ ಸ್ಟಿಕ್ ಒಂದನ್ನು ಎಚ್‌ಡಿಎಂಐಗೆ ಚುಚ್ಚಿದರೆ ಮುಗಿಯಿತು. 50,000 ಗಂಟೆ ಅನ್ನುವುದು ಎಲ್‌ಇಡಿಯ ಲೆಕ್ಕ, ದಿನಕ್ಕೆ 4 ಗಂಟೆ ಅಂದರೂ 34 ವರ್ಷ. ಅಷ್ಟು ದಿನ ಫ್ಯಾನ್, ಪೋಲರೈಸರ್ ಬಾಳುತ್ತವೆ ಎಂದು ಯಾರೂ ಬರೆದುಕೊಟ್ಟಿಲ್ಲ. ಗಾಳಿ ಹೋಗುವ ಜಾಗಕ್ಕೆ ಪರದೆ ಬಟ್ಟೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ, ಧೂಳು ಒರೆಸಿ.

ಎಲ್‌ಇಡಿಯ ದೊಡ್ಡ ಲಾಭ ಕರೆಂಟ್ ವಿಷಯದಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗದ ಸಂಜೆ ಇಲ್ಲ. ಇದು ಎಳೆಯುವುದು 90 ವ್ಯಾಟ್ ಆಸುಪಾಸು, ಮನೆ ಇನ್ವರ್ಟರ್ ಮೇಲೆ ಆರಾಮಾಗಿ ಓಡುತ್ತದೆ. ಪಾದರಸದ ದೀಪದ ಹಳೆ ಮಾದರಿಯವು 300 ವ್ಯಾಟ್ ಹತ್ತಿರ ಕೇಳುತ್ತವೆ, ಬಿಸಿ ದೀಪ ಫಟ್ಟನೆ ಆರುವುದು ಅವಕ್ಕೆ ಒಳ್ಳೆಯದೂ ಅಲ್ಲ.

ಹೈಸ್ಕೂಲ್‌ನಲ್ಲಿ ಪಾಠ ಮಾಡುವ ನಮ್ಮ ಭಾವ ಇದನ್ನು ನೋಡಿ "ಕ್ಲಾಸ್‌ರೂಮಿಗೂ ಇದೇ ತಗೊಳ್ಳೋಣವಾ?" ಎಂದರು. ಬೇಡ ಭಾವ, ಅಂದೆ. ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ಮಕ್ಕಳು ನೋಟ್ಸ್ ಬರೆದುಕೊಳ್ಳಬೇಕು, 225 ಅಲ್ಲಿ ಕಾಣುವುದೇ ಇಲ್ಲ. ಅಲ್ಲಿಗೆ 3000ಕ್ಕೆ ಕಡಿಮೆ ಇಲ್ಲದ ಐಎಸ್‌ಒ ಲ್ಯೂಮೆನ್ಸ್ ಬೇಕು, 3ಎಲ್‌ಸಿಡಿ ಆದರೆ ನಕ್ಷೆಯ ಬಣ್ಣವೂ ಸರಿ ಕಾಣುತ್ತದೆ. ಬೆಲೆ ಮೂರು ನಾಲ್ಕು ಪಟ್ಟಾದರೂ ಅದೇ ಸರಿ. ದೀಪದ್ದಾದರೆ ಬದಲಿ ದೀಪದ ಬೆಲೆ ಮೊದಲೇ ಕೇಳಿಕೊಳ್ಳಿ, ಲೇಸರ್‌ನದ್ದಕ್ಕೆ ಆ ತಲೆಬಿಸಿ ಇಲ್ಲ.

ಮನೆಗೆ, ರಾತ್ರಿಗೆ, ಈ ಸಣ್ಣ ಪೆಟ್ಟಿಗೆಯೇ ಸಾಕು ಅನ್ನುವವರು ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಮೂರು ಚಿತ್ರ ಹಾಕಿಕೊಂಡು ಹೋಗಿ: ಪೂರ್ತಿ ಬಿಳಿ, ಪೂರ್ತಿ ಕಪ್ಪು, ಸಣ್ಣ ಅಕ್ಷರ ತುಂಬಿದ ಒಂದು ಪುಟ. ಅಂಗಡಿಯವರ ಮೀನಿನ ವಿಡಿಯೋ ನಿಲ್ಲಿಸಲು ಹೇಳಿ, 80 ಇಂಚಿಗೆ ಬಿಡಿಸಿ, ನಾಲ್ಕು ಮೂಲೆ ಓದಿ. ಬಿಲ್ ಮಾಡುವಾಗ ಮಾಡೆಲ್ ನಂಬರ್ ಪಕ್ಕದಲ್ಲಿ "ನೇಟಿವ್ 1920×1080" ಎಂದು ಪೆನ್ನಲ್ಲಾದರೂ ಬರೆಸಿ, ಸೀಲ್ ಹಾಕಿಸಿಕೊಳ್ಳಿ. ಬರೆಯಲು ಹಿಂಜರಿದರೆ ಪಕ್ಕದ ಅಂಗಡಿಗೆ ಹೋಗಿ.